ಹದಿನೆಂಟು ಜೋಡಿ, ಮ್ಯಾಲೊಂದು

ಬಂಡಮ್ಮ ಈಜುವಾಗ ಮುಖವನ್ನು ನೀರಿನೊಳಗೆ ಇಡುವುದಿಲ್ಲ. ಇಡಬೇಕೆಂದು, ಶರ್ಯತ್ತಿಗೆ ಅಂದರೆ ಈಜುವ ಪಂದ್ಯಕ್ಕೆ ತಯಾರು ಮಾಡುತ್ತ, ರೂಪಾಲಿ ಮೂರು ತಿಂಗಳು ಹೇಳಿ ಸಾಕಾದಳು. ರೂಪಾಲಿ ಮರಾಠಿ ಸೀಮೆಯ ಗಡಿಯೂರು ಮುರುಮಿನ ಹುಡುಗಿಯರ ವಸತಿ ಶಾಲೆಯಲ್ಲಿ ಆಟ ಕಲಿಸುವ ಟೀಚರು. ಬಂಡಮ್ಮ ಅದೇ ಶಾಲೆಯ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವವಳು, ರೂಪಾಲಿಯ ಬಾಯಲ್ಲಿ ಮೌಶಿ, ಎಂದರೆ ಚಿಕ್ಕಮ್ಮ.

“ಮೌಶಿ, ಮಾರಿ ನೀರಾಗ ಇಡ್ರಿ. ಹಾಂಗ ಎಮ್ಮಿಗತ್ಲೆ ತಲಿ ಎತ್ಕೊಂಡು ಈಸಿದ್ರ ಜಲ್ದಿ ದಣೀತೀರಿ.”

“ಮಾರಿ ಮುಳಗಿಸಿದ್ರ ಎಣಸೂದು ಹ್ಯಾಂಗ?”

“ಯಾರ್ನ ಎಣಸ್ತೀರಿ? ಇದು ಶರ್ಯತ್ತದ. ನಿಮ್ಮಪ್ಪನ ಕುರಿ ಅಲ್ಲ.”

“ನೀರಾಗ ಇಳದ ಮ್ಯಾಲ ಎಲ್ಲಾರೂ ಕುರೀನೇ ತಗೀ,” ಎಂದು ಬಂಡಮ್ಮ ಮತ್ತೆ ತಲೆ ಎತ್ತಿಕೊಂಡೇ ಹೊರಟಳು.

ಅವಳು ಹಟಮಾರಿಯಲ್ಲ. ಅವಳಿಗೆ ಈಜು ಬಂದದ್ದೇ ಹಾಗೆ. ಅವಳ ತಂದೆ ಬಕ್ಕಪ್ಪ ಕುರುಬರ ದೇವರು ಬೀರಪ್ಪನ ಒಕ್ಕಲು. ತೇರಣಾ ಹೊಳೆಯ ಬದಿಯಲ್ಲಿ ಕುರಿ ಕಾಯುತ್ತಿದ್ದ. ಉಣ್ಣೆಗೆ ಕತ್ತರಿ ಹಾಕುವ ಮೊದಲು ಕುರಿಯ ಮೈ ತೊಳೆಯಬೇಕು. ಅದಕ್ಕಾಗಿ ಹಿಂಡನ್ನು ಹೊಳೆಯ ಮಡುವಿನಲ್ಲಿ ಈ ದಂಡೆಯಿಂದ ಆ ದಂಡೆಗೆ ಈಜಿಸುತ್ತಾರೆ. ಕುರುಬ ಹಿಂದೆ ಇರುತ್ತಾನೆ. ಅವನು ಅವಸರಪಟ್ಟು ಮೊದಲೇ ದಂಡೆ ಹತ್ತಿದರೆ ಕಟ್ಟಕಡೆಯ ಕುರಿ ದಿಕ್ಕು ತಪ್ಪಿ ನೀರಿನಲ್ಲೇ ತಿರುಗುತ್ತದೆ, ದಣಿದು ಮುಳುಗುತ್ತದೆ. ಗಂಡುಮಕ್ಕಳಿಲ್ಲದ ಬಕ್ಕಪ್ಪ ಏಳು ವರ್ಷದ ಮಗಳನ್ನೇ ಮಡುವಿಗೆ ಇಳಿಸಿದ. ಇಳಿಸುವ ಮೊದಲು ಅವಳ ಹಣೆಗೆ ಭಂಡಾರ, ಅಂದರೆ ದೇವರ ಅರಿಸಿನಪುಡಿ, ಹಚ್ಚಿ ಒಂದು ಮಾತು ತೆಗೆದುಕೊಂಡ: ಹಿಂದಿನ ಕುರಿ ದಂಡೆ ಮುಟ್ಟುವ ತನಕ ನಿನ್ನ ಕಾಲಿಗೆ ನೆಲ ಹತ್ತಬಾರದು.

ಎಣಿಸುವುದನ್ನೂ ಅವನೇ ಕಲಿಸಿದ. ಕುರಿಯನ್ನು ಒಂದೊಂದಾಗಿ ಎಣಿಸಿದರೆ ಕಣ್ಣು ತಪ್ಪುತ್ತದೆಂದು ಅವರು ಜೋಡಿ ಜೋಡಿಯಾಗಿ ಎಣಿಸುತ್ತಾರೆ. ಕೊನೆಗೆ ಒಂಟಿಯಾಗಿ ಉಳಿದದ್ದಕ್ಕೆ ‘ಮ್ಯಾಲೊಂದು’ ಎನ್ನುತ್ತಾರೆ. ಕಾಯುವವನು ಲೆಕ್ಕದಲ್ಲಿ ಇಲ್ಲ.

ಈ ಎಣಿಕೆ ಒಮ್ಮೆ ತಪ್ಪಿತು.

ಬಂಡಮ್ಮನನ್ನು ಉಮರ್ಗಾ ತಾಲೂಕಿನ ಒಂದು ಹಳ್ಳಿಗೆ, ಅಮೋಘಸಿದ್ಧನೆಂಬವನಿಗೆ ಕೊಟ್ಟಿದ್ದರು. ಸಾವಿರದ ಒಂಬೈನೂರ ತೊಂಬತ್ತಮೂರರಲ್ಲಿ, ಗಣಪತಿ ಕಳಿಸಿದ ಮರುದಿನ ಭೂಮಿ ನಡುಗಿದಾಗ ಗಂಡಹೆಂಡತಿ ಇಬ್ಬರೂ ಹೊಲದಲ್ಲಿ, ಕುರಿದೊಡ್ಡಿಯಲ್ಲಿ ಇದ್ದರು. ಅವರಿಗೆ ಏನೂ ಆಗಲಿಲ್ಲ. ಬೆಳಕು ಹರಿಯುವಾಗ ಊರಿಗೆ ಓಡಿ ಬಂದರೆ ಊರಿರಲಿಲ್ಲ. ಕಲ್ಲು ಮಣ್ಣಿನ ದಪ್ಪ ಗೋಡೆಯ ಮನೆಗಳು ಕುಳಿತುಬಿಟ್ಟಿದ್ದವು. ಮನೆಯಲ್ಲಿ ಮಲಗಿದ್ದವರು ಏಳು ಜನ: ಅತ್ತೆ, ಮಾವ, ಮೈದುನ, ಅವನ ಹೆಂಡತಿ, ಅವರ ಎರಡು ಮಕ್ಕಳು, ಹದಿಮೂರು ವರ್ಷದ ನಾದಿನಿ ಚಂಪಾ. ಊರಿನವರು ಕೈಯಿಂದಲೇ ಮಣ್ಣು ಬಗೆದು ಒಬ್ಬೊಬ್ಬರನ್ನು ತೆಗೆದು ಬೇವಿನ ಗಿಡದ ಕೆಳಗೆ ಕೂರಿಸುತ್ತಿದ್ದರು, ಎಚ್ಚರವಿಲ್ಲದವರನ್ನು ಮಲಗಿಸುತ್ತಿದ್ದರು. ಎಲ್ಲರ ಮುಖದ ಮೇಲೂ ಒಂದೇ ಬಣ್ಣದ ಮಣ್ಣು.

“ನಿಮ್ಮವರು ಎಲ್ಲಾ ಬಂದಾರೇನು?” ಎಂದು ಮಣ್ಣು ತೆಗೆಯುವವನೊಬ್ಬ ಕೇಳಿದ.

ಬಂಡಮ್ಮ ಗಿಡದ ಕೆಳಗೆ ನೋಡಿ ಎಣಿಸಿದಳು. ಮೂರು ಜೋಡಿ, ಮ್ಯಾಲೊಂದು. “ಬಂದಾರ,” ಎಂದಳು. ಅವರು ಮುಂದಿನ ಮನೆಗೆ ಹೋದರು.

ಮ್ಯಾಲಿನ ಒಂದು ತಲೆ ಪಕ್ಕದ ಮನೆಯ ಹುಡುಗಿಯದಾಗಿತ್ತು. ಮಧ್ಯಾಹ್ನ ಅತ್ತೆಗೆ ಸ್ವಲ್ಪ ಎಚ್ಚರ ಬಂದು “ಚಂಪಾ ಎಲ್ಲಿ?” ಎಂದು ಕೇಳಿದಾಗ ಅದು ತಿಳಿಯಿತು. ಸಂಜೆಗೆ ಚಂಪಾಳನ್ನು ತೆಗೆದರು. ಬೆಳಿಗ್ಗೆಯೇ ತೆಗೆದಿದ್ದರೆ ಬದುಕುತ್ತಿದ್ದಳೋ ಇಲ್ಲವೋ ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಅಮೋಘಸಿದ್ಧ ಹೆಂಡತಿಗೆ ಒಂದು ಮಾತೂ ಅನ್ನಲಿಲ್ಲ. ಅತ್ತೆ ಅಂದಳು, ಅದೂ ಒಂದೇ ಸಲ: “ಕುರಿ ಎಣಸಾಕಿ, ಮನೀ ಮಂದಿ ಎಣಸಾಕ ಬರಲಿಲ್ಲ?”

ತಗಡಿನ ಶೆಡ್ಡಿನಲ್ಲಿ ಮೂರು ವರ್ಷ, ಆಮೇಲೆ ಸರಕಾರ ಕಟ್ಟಿದ ಹೊಸ ಊರಿನಲ್ಲಿ ಹತ್ತು ವರ್ಷ ಬಂಡಮ್ಮ ಸಂಸಾರ ಮಾಡಿದಳು. ಎರಡು ಸಾವಿರದ ಆರರಲ್ಲಿ ಅಮೋಘಸಿದ್ಧ ಕಾಮಾಲೆಯಾಗಿ ತೀರಿಕೊಂಡ. ಕುರಿ ಮೈದುನನ ಪಾಲಿಗೆ ಹೋದವು. ಅವಳು ಮುರುಮಿಗೆ ಬಂದು ಶಾಲೆಯ ಅಡುಗೆಮನೆ ಸೇರಿದಳು.

ಶಾಲೆಯ ಹಿಂದೆ ಹಳೆಯ ಮೆಟ್ಟಿಲ ಬಾವಿಯಿದೆ. ಎರಡು ಸಾವಿರದ ಹತ್ತರ ಮಳೆಗಾಲದಲ್ಲಿ ಅದು ತುಂಬಿದಾಗ, ಬಟ್ಟೆ ಒಗೆಯಲು ಹೋದ ಒಬ್ಬ ಹುಡುಗಿ ಜಾರಿ ಬಿದ್ದಳು. ಬಂಡಮ್ಮ ಹಿಟ್ಟಿನ ಕೈಯಲ್ಲೇ ಹಾರಿ ಅವಳನ್ನು ಮೇಲೆ ತಂದಳು. ಮುಖ್ಯೋಪಾಧ್ಯಾಯಿನಿ ವಿಮಲಾಬಾಯಿ ಅಂದೇ ನಿರ್ಧರಿಸಿದರು: ಹುಡುಗಿಯರಿಗೆಲ್ಲ ಈಜು ಬರಬೇಕು, ಬಂಡಮ್ಮನೇ ಕಲಿಸಬೇಕು.

ಶಾಲೆಯ ಕಮಿಟಿಯ ಉಮಾಕಾಂತ ಒಪ್ಪಲಿಲ್ಲ. ಕೆಟ್ಟ ಮನುಷ್ಯನಲ್ಲ, ಭಯಸ್ಥ.

“ಬಾಯಿಯವ್ರೇ, ನಾಳಿ ಏನರೆ ಆದ್ರ ಜವಾಬು ಕೊಡಾವ್ರು ಯಾರು? ರೊಟ್ಟಿ ಮಾಡಾಕಿ ಕಲಸ್ಲತ್ತಿದ್ಳು ಅಂತ ಬರದು ಕೊಡಲೇನು? ಕಾಗದ ಬೇಕ್ರಿ. ಇಲ್ಲಂದ್ರ ಬಾವೀ ಮ್ಯಾಲ ಕಬ್ಬಿಣದ ಜಾಳಿ ಹಾಕಿ ಕೀಲಿ ಹಾಕ್ತೀನಿ.”

“ಎಂಥಾ ಕಾಗದ?”

“ಡಿಸೆಂಬರದಾಗ ಧರಣದಾಗ ಈಸೂ ಶರ್ಯತ್ತು ಅದಲ್ಲ. ಎಂಟು ಕಿಲೋಮೀಟರ್, ನಾಕು ತಾಸು. ಅದರಾಗ ಪಾಸಾದ ಸರ್ಟಿಫಿಕೇಟ್ ತರ್ಲಿ. ನಾ ಸುಮ್ಮ ಇರ್ತೀನಿ.”

ಧರಣವೆಂದರೆ ತೇರಣೆಗೆ ಕಟ್ಟಿದ ಅಣೆಕಟ್ಟು. ಬಂಡಮ್ಮನ ಮಡು ಅದರ ನೀರಿನ ಅಡಿಯಲ್ಲೇ ಎಲ್ಲೋ ಇದೆ. ಅವಳಿಗೆ ಆಗ ನಲವತ್ತೊಂದು ವರ್ಷ. ಮೂರು ತಿಂಗಳು ರವಿವಾರಕ್ಕೊಮ್ಮೆ ರೂಪಾಲಿ ಅವಳನ್ನು ಉಮರ್ಗಾದ ಮೇಲಿಂದ ಹೋಗುವ ಬಸ್ಸಿನಲ್ಲಿ ಧರಣಕ್ಕೆ ಕರೆದುಕೊಂಡು ಹೋಗಿ ಈಜಿಸಿದಳು. ಸೀರೆ ಬಿಟ್ಟು ಕಾಲಿಗೆ ಅಂಟುವ ಚಡ್ಡಿ ಹಾಕಿಕೊಳ್ಳಲು ಬಂಡಮ್ಮ ತಕರಾರು ಮಾಡಲಿಲ್ಲ. “ನೀರಾಗ ಸೀರಿ ಯಾರ್ ನೋಡ್ತಾರ, ಭಾರ ಆಗ್ತದ ಅಷ್ಟ,” ಎಂದಳು. ಮುಖ ಮುಳುಗಿಸುವುದೊಂದಕ್ಕೆ ಮಾತ್ರ ಒಪ್ಪಲಿಲ್ಲ.

ಆ ಡಿಸೆಂಬರಿನ ಬೆಳಿಗ್ಗೆ ಎಂಟಕ್ಕೆ ಮೂವತ್ತೆಂಟು ಜನ ನೀರಿಗೆ ಇಳಿದರು. ತನ್ನನ್ನು ಬಿಟ್ಟು ಬಂಡಮ್ಮ ಎಣಿಸಿಕೊಂಡಳು: ಹದಿನೆಂಟು ಜೋಡಿ, ಮ್ಯಾಲೊಂದು. ಎಲ್ಲರಿಗೂ ಕೆಂಪು ಟೋಪಿ. ಉದಗೀರದ ಬ್ಯಾಂಕ್ ಗುಮಾಸ್ತನೊಬ್ಬ ಮಾತ್ರ ಮನೆಯಿಂದ ತಂದ ಹಳದಿ ಟೋಪಿ ಹಾಕಿದ್ದ. ಮೊದಲ ನೂರು ಮಾರಿನಲ್ಲೇ ಬಂಡಮ್ಮ ತಾನಾಗಿ ಎಲ್ಲರ ಹಿಂದೆ ಬಿದ್ದಳು. ದಣಿವಾಗಿ ಅಲ್ಲ, ರೂಢಿಯಿಂದ. ದಂಡೆಯ ಮೇಲೆ ರೂಪಾಲಿ ಹಣೆ ಬಡಿದುಕೊಂಡಳು.

ನೀರು ತಣ್ಣಗಿತ್ತು. ಎರಡನೆಯ ತಾಸಿನಲ್ಲಿ ಎದುರು ಗಾಳಿ ಎದ್ದು ಅಲೆ ಬಾಯಿಗೆ ಹೊಡೆಯತೊಡಗಿತು. ಕೈಸೋತವರನ್ನು ದೋಣಿ ಎತ್ತಿಕೊಳ್ಳುತ್ತಿತ್ತು. ಒಬ್ಬ, ಇನ್ನೊಬ್ಬ, ಹೀಗೆ ನಾಲ್ವರು ಹತ್ತಿದ್ದನ್ನು ಅವಳು ನೋಡಿದಳು. ಮೂರನೆಯ ತಾಸಿನಲ್ಲಿ ಭುಜ ಉರಿಯಿತು, ತೊಡೆಯಲ್ಲಿ ಸೆಳೆತ ಹಿಡಿಯಿತು. ಅಂಗಾತ ಮಲಗಿ ಕಾಲು ಜಾಡಿಸಿಕೊಂಡು ಮತ್ತೆ ತಿರುಗಿದಳು. ಕೊನೆಯ ಗುಡ್ಡ ಸುತ್ತಿ ಬಂದಾಗ ಮುಗಿಯುವ ಹಗ್ಗ ಕಂಡಿತು. ತೆಪ್ಪದ ಮೇಲೆ ಗಡಿಯಾರ ಹಿಡಿದು ಕುಳಿತ ನಿಲಂಗಾದ ಮಾಸ್ತರರು ಕೂಗಿ ಹೇಳಿದರು: ಮೂರು ತಾಸು ನಲವತ್ತು ನಿಮಿಷ.

ಹಗ್ಗ ಐದು ಮಾರು ದೂರವಿತ್ತು. ಬಂಡಮ್ಮ ಅಲ್ಲೇ ನಿಂತಳು, ನೀರು ತುಳಿಯುತ್ತ.

ದಂಡೆಯ ಮೇಲೆ ಪೆಂಡಾಲಿನ ಕೆಳಗೆ ಈಜಿ ಮುಗಿಸಿದವರು ಸಾಲಾಗಿ ಕುಳಿತು ಅವಲಕ್ಕಿಯ ಪೋಹೆ ತಿನ್ನುತ್ತಿದ್ದರು. ಹದಿನಾರು ಜೋಡಿ. ದೋಣಿ ಹತ್ತಿದ್ದು ಎರಡು ಜೋಡಿ. ಮ್ಯಾಲಿನ ಒಂದು ಇಲ್ಲ. ಅವಳ ಹಿಂದೆ ನೀರು ಖಾಲಿ. ದಾರಿಯ ಗುರುತಿಗೆ ಕಟ್ಟಿದ್ದ ಡ್ರಮ್ಮುಗಳನ್ನು ಬಿಚ್ಚಲು ದೋಣಿ ಗುಡ್ಡದ ಆಚೆಗೇ ಉಳಿದಿತ್ತು.

“ಮಾವ್ಶೀ, ದೋರೀಲಾ ಹಾತ್ ಲಾವಾ,” ಎಂದು ಮಾಸ್ತರರು ಮರಾಠಿಯಲ್ಲಿ ಕೂಗಿದರು, ಹಗ್ಗಕ್ಕೆ ಕೈ ಹಚ್ಚಿ ಎಂದು.

“ಇನ್ನೊಬ್ಬಂವ ಇದಾನ್ರೀ. ಹಳದಿ ಟೊಪ್ಪಿಗೀದಂವ.”

ಅವಳಿಗೆ ತಮ್ಮ ಮಾತು ತಿಳಿದಿಲ್ಲವೆಂದುಕೊಂಡು ಮಾಸ್ತರರು ಕೈಸನ್ನೆ ಮಾಡಿ ತೋರಿಸಿದರು. ರೂಪಾಲಿ ಮೊಳಕಾಲುದ್ದ ನೀರಿಗೆ ಇಳಿದು ಬಂದಳು.

“ಮೌಶಿ, ಮೊದಲು ಹಗ್ಗ ಹಿಡೀರಿ. ಆಮ್ಯಾಲ ಕೇಳೂನು.”

“ದೋಣ್ಯಾಗ ಎಷ್ಟು ಮಂದಿ ಅದಾರ ಅಂತ ಕೇಳು ಅವರ್ನ.”

ರೂಪಾಲಿ ಕೇಳಿದಳು. ಮಾಸ್ತರರು ತಮ್ಮ ಕಾಗದ ನೋಡಿದರು, ತಿರುಗಿಸಿ ನೋಡಿದರು. “ದೋಣಿಯ ಯಾದಿ ದೋಣಿಯಲ್ಲೇ ಇದೆ,” ಎಂದರು. ಫೋನು ಹಚ್ಚಿದರು, ಗುಡ್ಡದ ಆಚೆ ಅದು ಹತ್ತಲಿಲ್ಲ.

“ನೋಡ್ದಿ? ಅವರಿಗೂ ಗೊತ್ತಿಲ್ಲ,” ಎಂದಳು ಬಂಡಮ್ಮ. ಹಲ್ಲು ಕಟಕಟಿಸುತ್ತಿದ್ದವು.

“ಜಾಳಿ ಹಾಕ್ತಾರ ಮೌಶಿ. ಹುಡುಗ್ಯಾರು ಕಲಿಯೂದು ಇಲ್ಲಿಗೇ ಮುಗೀತದ.”

ಬಂಡಮ್ಮ ಖಾಲಿ ನೀರಿನ ಕಡೆಗೆ ತಿರುಗಿದಳು. ಒಮ್ಮೆ ‘ಬಂದಾರ’ ಎಂದು ಹೇಳಿದವಳು ಅವಳು. ಇನ್ನೊಮ್ಮೆ, ಕೈಯಿಂದ ಹಗ್ಗ ಮುಟ್ಟಿ ಅದೇ ಮಾತು ಹೇಳುವುದು ಅವಳಿಂದ ಆಗಲಿಲ್ಲ. ನಾಲ್ಕು ತಾಸಿಗೆ ಸೀಟಿ ಊದಿದರು. ಇನ್ನೂ ನಾಲ್ಕು ನಿಮಿಷ ಕಳೆದ ಮೇಲೆ ದೋಣಿ ಗುಡ್ಡ ಸುತ್ತಿ ಬಂತು. ಅದರಲ್ಲಿ ಉದಗೀರದ ಗುಮಾಸ್ತ ಟವೆಲು ಹೊದ್ದು ಶೇಂಗಾ ತಿನ್ನುತ್ತ ಕುಳಿತಿದ್ದ. ಎರಡನೆಯ ತಾಸಿನಲ್ಲೇ, ದೊಡ್ಡ ಅಲೆಯ ಮರೆಯಲ್ಲಿ, ಅವನನ್ನು ಎತ್ತಿಕೊಂಡಿದ್ದರು.

ಬಂಡಮ್ಮ ಅವನನ್ನು ಕಣ್ಣು ಕಿರಿದು ಮಾಡಿ ನೋಡಿದಳು. “ಹೆಸರೇನ್ರೀ ನಿಮ್ದು?”

ಅವನು ಗಾಬರಿಯಾಗಿ, “ಸಂಜುಕುಮಾರ,” ಎಂದ.

“ಹಾಂ. ಲೆಕ್ಕ ಆಯ್ತು,” ಎಂದು ಅವಳು ಐದು ಮಾರು ಈಜಿ ಹಗ್ಗ ಮುಟ್ಟಿದಳು.

ಸರ್ಟಿಫಿಕೇಟು ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ, ನಿಯಮ ನಿಯಮವೇ. ವಿಮಲಾಬಾಯಿಯವರು ವಿಷಯ ಕೇಳಿ, “ನಿನ್ನ ಲೆಕ್ಕ ತಪ್ಪಿತ್ತಲ್ಲ ಬಂಡಮ್ಮ,” ಎಂದರು.

“ತಪ್ಪಿತ್ರೀ. ಅಂವಾ ಬದಿಕಿದ್ದ. ಇಂಥಾ ತಪ್ಪು ನಡೀತದ.”

ವಿಮಲಾಬಾಯಿ ಕಮಿಟಿಯವರೊಡನೆ ವಾದಿಸಿ ಒಂದು ವರ್ಷದ ಗಡುವು ಪಡೆದರು. “ಒಂದೇ ವರ್ಷ,” ಎಂದ ಉಮಾಕಾಂತ. “ಈ ಸಲನೂ ನೀರಾಗ ನಿಂತು ಹರಟಿ ಹೊಡದ್ರ ಜಾಳಿ ಹಾಕೂದೇ. ಅಳತಿ ತಗೊಂಡು ಇಟ್ಟೀನಿ.”

ಆ ವರ್ಷವಿಡೀ ರೂಪಾಲಿ ಬಂಡಮ್ಮನ ವೇಗಕ್ಕಿಂತ ಹೆಚ್ಚಾಗಿ ಇದನ್ನೇ ಯೋಚಿಸಿದಳು: ಬಂಡಮ್ಮ ಇನ್ನೂ ಬೇಗ ಬಂದರೆ ಇನ್ನೂ ಹೆಚ್ಚು ಜನ ಹಿಂದೆ ಉಳಿಯುತ್ತಾರೆ, ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತಾಳೆ. ಕೊನೆಗೆ ಒಂದು ದಿನ ಅಡುಗೆಮನೆಗೆ ಬಂದು ಕೇಳಿದಳು.

“ಮೌಶಿ, ನಿಮ್ಮಪ್ಪಗ ಜ್ವರ ಬಂದ್ರ, ಊರಿಗಿ ಹೋಗಾದಿದ್ರ, ಕುರಿ ಏನ್ ಮಾಡ್ತಿದ್ದ?”

“ಇನ್ನೊಬ್ಬಂವಗ ಒಪ್ಪಸ್ತಿದ್ದ. ಭಂಡಾರ ಕೊಟ್ಟು, ಲೆಕ್ಕ ಹೇಳಿ.” ಬಡಿಯುತ್ತಿದ್ದ ಕೈ ನಿಂತಿತು. ರೊಟ್ಟಿ ಹಂಚಿನ ಮೇಲೆ ಸೀದಿತು.

ದೋಣಿ ನಡೆಸುವವನು ಸಿದ್ದರಾಮ, ವಲಾಂಡಿ ಕಡೆಯವನು, ಅವನ ಮನೆದೇವರೂ ಬೀರಪ್ಪನೇ. ಮರುವರ್ಷದ ಶರ್ಯತ್ತಿನ ಬೆಳಿಗ್ಗೆ ಬಂಡಮ್ಮ ಅವನ ಮುಂದೆ ಹೋಗಿ ಸೆರಗಿನ ಗಂಟು ಬಿಚ್ಚಿದಳು. ಭಂಡಾರವಿತ್ತು.

“ತಮ್ಮಾ, ನಾ ಬಿಟ್ಟು ಇಪ್ಪತ್ತು ಜೋಡಿ, ಮ್ಯಾಲೊಂದು. ನಿನಗ ಒಪ್ಪಸ್ಲತ್ತೀನಿ. ದೋಣ್ಯಾಗ ಒಬ್ಬೊಬ್ಬರು ಹತ್ತಿದಾಗ ಬಿದಿರ ಕೋಲಿಗಿ ಒಂದೊಂದು ಬಿಳಿ ಅರಬಿ ಕಟ್ಟು. ದೂರಿಂದ ಕಾಣಬೇಕು.”

ಸಿದ್ದರಾಮ ನಗಲಿಲ್ಲ. ಹಣೆಗೆ ಹಚ್ಚಿಸಿಕೊಂಡ. “ಹಿಂದಿನ ತಲಿ ದಂಡಿ ಮುಟ್ಟೂತನಾ ನನ್ನ ಕಾಲಿಗಿ ನೆಲಾ ಹತ್ತೂದಿಲ್ಲಕ್ಕಾ. ನೀ ಹೋಗು.”

ಪಕ್ಕದಲ್ಲಿದ್ದ ನಿಲಂಗಾದ ಮಾಸ್ತರರು ಏನು ನಡೆಯುತ್ತಿದೆಯೆಂದು ಕೇಳಿ ತಿಳಿದುಕೊಂಡು, ಅರಿವೆ ಕಟ್ಟುವುದನ್ನು ತಮ್ಮ ಕಾಗದದಲ್ಲೂ ಬರೆದುಕೊಂಡರು.

ಅಂದು ಗಾಳಿ ಹೋದ ವರ್ಷಕ್ಕಿಂತ ಬಿರುಸಾಗಿತ್ತು. ಬಂಡಮ್ಮ ತಲೆ ಎತ್ತಿಕೊಂಡೇ ಈಜಿದಳು, ಆದರೆ ನಡುವಿನಲ್ಲಿ, ಜನರ ಜೊತೆಗೆ. ಗುಡ್ಡ ಸುತ್ತಿದಾಗ ಬಿದಿರಿಗೆ ಐದು ಬಿಳಿ ಅರಿವೆಗಳಿದ್ದವು. ಅವಳ ಹಿಂದೆ ಇನ್ನೂ ಏಳು ತಲೆಗಳು ನೀರಿನಲ್ಲಿದ್ದವು. ಅವುಗಳ ಹಿಂದೆ ದೋಣಿ ಇತ್ತು.

ಐದು ಮಾರು ದೂರದಲ್ಲಿ ಅವಳ ಕೈ ನಿಧಾನವಾಯಿತು. ದಂಡೆಯ ಮೇಲೆ ರೂಪಾಲಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದಳು. ಬಂಡಮ್ಮ ಹಗ್ಗ ಮುಟ್ಟಿದಳು. ಮೂರು ತಾಸು ಮೂವತ್ತೊಂದು ನಿಮಿಷ. ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲವೆಂದು ರೂಪಾಲಿ ಎಲ್ಲರಿಗೂ ಹೇಳುತ್ತಾಳೆ. ನೋಡಿದೆ, ಎರಡು ಸಲ, ಎಂದು ಬಂಡಮ್ಮ ಹೇಳುತ್ತಾಳೆ. ಹಗ್ಗ ಬಿಟ್ಟು ಮೇಲೆ ಬಂದವಳು ಟವೆಲು ಹೊದ್ದುಕೊಳ್ಳದೆ ದಂಡೆಯಲ್ಲೇ ನಿಂತಿದ್ದು, ಏಳನೆಯವನೂ ಬಂದು ಸಿದ್ದರಾಮ ದೋಣಿಯಿಂದ ಇಳಿದ ಮೇಲೆ ಪೋಹೆ ತಿನ್ನಲು ಹೋದಳು.

ಸರ್ಟಿಫಿಕೇಟಿನಲ್ಲಿ ಅವಳ ಹೆಸರನ್ನು ‘ಬಂಡಾಬಾಯಿ’ ಎಂದು ಬರೆದಿದ್ದಾರೆ. ಉಮಾಕಾಂತ ಅದನ್ನು ಎರಡು ಸಲ ಓದಿ ಫೈಲಿನಲ್ಲಿ ಹಾಕಿಕೊಂಡ. ಜಾಳಿ ಬರಲಿಲ್ಲ.

ಈಜು ಕಲಿಸುವ ದಿನ ಹುಡುಗಿಯರು ಮೆಟ್ಟಿಲ ಮೇಲೆ ಇಬ್ಬಿಬ್ಬರಾಗಿ ಕೈ ಹಿಡಿದು ನಿಲ್ಲುತ್ತಾರೆ. ಬಂಡಮ್ಮ ಎಣಿಸುತ್ತಾಳೆ: ಹನ್ನೊಂದು ಜೋಡಿ, ಮ್ಯಾಲೊಂದು. ಆದರೆ ಅಷ್ಟಕ್ಕೆ ನೀರಿಗೆ ಬಿಡುವುದಿಲ್ಲ.

“ಮ್ಯಾಲಿನಾಕಿ ಯಾರವಾ?”

“ನಾ ರೀ.”

“ನಾ ಅಂದ್ರ ಎಲ್ಲಾರೂ ನಾನೇ. ಹೆಸರು ಹೇಳು.”

“ಶಿವಾನಿ.”

“ಹಾಂ. ಈಗ ಇಳೀರಿ,” ಎನ್ನುತ್ತಾಳೆ.