ಎರಡು ಮಾಳಿಗೆಯ ತಂತಿ

ನನ್ನ ವಯಸ್ಸಿನ ಹೆಂಗಸರು ಮೊಮ್ಮಕ್ಕಳ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತಾರೆ. ಸ್ವಲ್ಪ ಧೈರ್ಯವಿದ್ದವರು ತಮ್ಮ ಉಪ್ಪಿನಕಾಯಿಯ ಬಗ್ಗೆ. ನಾನು ತಂತಿಯ ಬಗ್ಗೆ ಕೊಚ್ಚಿಕೊಳ್ಳುತ್ತೇನೆ. ಬೀದರಿನ ಮೈಲೂರಿನಲ್ಲಿರುವ ನಮ್ಮ ಮನೆಗೆ ಯಾರೇ ಬರಲಿ, ಅವರ ಚಹಾ ಮುಗಿಯುವುದನ್ನೂ ಕಾಯದೆ ಮಾಳಿಗೆ ಹತ್ತಿಸಿ ನನ್ನ ಆಂಟೆನಾ ತೋರಿಸುತ್ತೇನೆ. ಅವರಿಗೆ ಕಾಣುವುದು ಎರಡು ಬೊಂಬು, ನಡುವೆ ಒಂದು ತಂತಿ. "ಇಷ್ಟೇ ಏನ್ರಿ?" ಎನ್ನುತ್ತಾರೆ. ಇಷ್ಟೇ. ನನ್ನ ಹೆಮ್ಮೆಯೆಲ್ಲ ಆ 'ಇಷ್ಟೇ' ಎಂಬುದರಲ್ಲಿದೆ.

ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸು ಪಡೆದು, ಮನೆಯಲ್ಲೇ ಕುಳಿತು ದೂರದೂರದವರ ಜೊತೆ ರೇಡಿಯೋದಲ್ಲಿ ಮಾತಾಡುವವರಿಗೆ ಹ್ಯಾಮ್ ಎನ್ನುತ್ತಾರೆ. ನಾನೂ ಅವರಲ್ಲೊಬ್ಬಳು. ನಮ್ಮಲ್ಲಿ ಕೆಲವರು ಅಲ್ಯೂಮಿನಿಯಂ ಕೊಳವೆಗಳನ್ನು ಪರದೇಶದಿಂದ ತರಿಸಿ ಮನೆಯ ಮೇಲೆ ಮೀನಿನ ಮುಳ್ಳಿನಂಥದ್ದು ನಿಲ್ಲಿಸುತ್ತಾರೆ. ನಿಲ್ಲಿಸಲಿ. ಆದರೆ ಅಲೆಗೆ ಬೇಕಾದದ್ದು ಬಹಳ ಕಡಿಮೆ. ಹಿಡಿಯಬೇಕಾದ ಅಲೆಯ ಉದ್ದದ ಅರ್ಧದಷ್ಟು ತಾಮ್ರದ ತಂತಿ ತೆಗೆದುಕೊಂಡು, ಸರಿಯಾಗಿ ನಡುವೆ ಕತ್ತರಿಸಿ, ಆ ಎರಡು ತುಂಡುಗಳಿಂದ ಒಂದು ಜೋಡಿ ವಯರನ್ನು ಕೆಳಗಿನ ಯಂತ್ರಕ್ಕೆ ಇಳಿಸಬೇಕು. ಎರಡೂ ತುದಿಗಳನ್ನು ಕರೆಂಟು ಹಾಯದ ವಸ್ತುವಿಗೆ ಕಟ್ಟಿ ಎತ್ತರದಲ್ಲಿ ಎಳೆಯಬೇಕು. ಊರಿಗೆ ಹೋಗುವಾಗ ಅದೇ ತಂತಿಯನ್ನು ಬಿಸ್ಕೀಟಿನ ಡಬ್ಬಿಯಲ್ಲಿ ಸುತ್ತಿಟ್ಟುಕೊಂಡರೆ ಆಯಿತು. ಅಲ್ಲಿ ಹುರಿಗೆ ಕಲ್ಲು ಕಟ್ಟಿ ಮರದ ಮೇಲಿಂದ ಎಸೆದರೆ ತಂತಿ ತಾನೇ ಮೇಲೇರುತ್ತದೆ.

ಎಸೆಯುವುದರಲ್ಲಿ ಮಾತ್ರ ನನ್ನ ಕೈ ಅಷ್ಟಕ್ಕಷ್ಟೆ. ಒಮ್ಮೆ ಔರಾದಿಗೆ ಹೋಗುವಾಗ ಠಾಣಾ ಕುಶನೂರಿನಲ್ಲಿ ಬಸ್ಸು ಕೆಟ್ಟು ನಿಂತಿತು. ಸುಮ್ಮನೆ ಕೂರಲಾರದೆ ನಾನು ರಸ್ತೆ ಬದಿಯ ಹುಣಸೆ ಮರಕ್ಕೆ ಕಲ್ಲು ಎಸೆಯತೊಡಗಿದೆ. ಪ್ರತಿ ಸಲವೂ ಗುರಿ ತಪ್ಪಿತು. ಕುರಿ ಹೊಡೆದುಕೊಂಡು ಹೊರಟಿದ್ದ ಒಬ್ಬ ಹಿರಿಯರು ಬಹಳ ಹೊತ್ತು ನೋಡಿ, ಕನಿಕರದಿಂದ ಹೇಳಿದರು: "ಬಿಡ್ರಿ ಅಮ್ಮಾ. ಹುಣಸಿ ಇನ್ನಾ ಹಸೀ ಅದಾವ."

ನನ್ನ ಮೊದಲ ತಂತಿಗೆ ಕಲ್ಲು ಎಸೆಯುವ ಅಗತ್ಯ ಬೀಳಲಿಲ್ಲ. ಅದಕ್ಕೆ ಎಂಥ ಗಂಟು ಬಿದ್ದಿತ್ತೆಂದು ಹೇಳುತ್ತೇನೆ, ಕೇಳಿ.

ನಿಜಾಮರ ರಾಜ್ಯದ ಮೇಲೆ ದಿಲ್ಲಿ ಸರ್ಕಾರ ಫೌಜು ಕಳಿಸಿದ, ಪೊಲೀಸ್ ಆಕ್ಷನ್ ಆದ ವರ್ಷದ ಮಳೆಗಾಲ ಅದು. ನಾನು ಬೀದರಿನಿಂದ ಭಾಲ್ಕಿಗೆ ಸೊಸೆಯಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಮನೆಯಲ್ಲಿ ಸಾಲೆ ಮಾಸ್ತರರಾದ ನಮ್ಮವರು, ಅವರ ತಾಯಿ, ನಾನು. ಜೊತೆಗೆ ನಮ್ಮವರು ಹೈದರಾಬಾದಿನಿಂದ ತಂದಿದ್ದ ಒಂದು ಬ್ಯಾಟರಿ ರೇಡಿಯೋ. ಊರಲ್ಲಿ ಹೊತ್ತಿಗೊಂದು ಸುದ್ದಿ ಹುಟ್ಟುತ್ತಿತ್ತು. ಫೌಜು ಬರುತ್ತದಂತೆ, ಬರುವುದಿಲ್ಲವಂತೆ, ಆ ಹಳ್ಳಿ ಸುಟ್ಟರಂತೆ, ಈ ಹಳ್ಳಿ ಖಾಲಿಯಾಯಿತಂತೆ. ಅತ್ತೆ ಸೋಲಾಪುರದ ಕಡೆಯ ನೆಂಟರಲ್ಲಿಗೆ ಹೋಗಲು ಗಂಟು ಕಟ್ಟಿ ಇಟ್ಟಿದ್ದರು. ಹೋಗಬೇಕೋ ಇರಬೇಕೋ ಹೇಳಬೇಕಾದ ರೇಡಿಯೋ, ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಎನ್ನುವುದು ಬಿಟ್ಟರೆ ಬೇರೇನೂ ಹೇಳುತ್ತಿರಲಿಲ್ಲ.

"ಇದು ಕೆಟ್ಟದ. ಹೈದರಾಬಾದಕ್ಕ ಒಯ್ಯಬೇಕು," ಎಂದರು ನಮ್ಮವರು.

"ಕೆಟ್ಟಿಲ್ಲರಿ. ಇದಕ್ಕ ಕಿವಿ ಇಲ್ಲ ಅಷ್ಟೇ," ಎಂದೆ.

ತವರಿನಲ್ಲಿ ನನ್ನ ಅಣ್ಣನಿಗೆ ರೇಡಿಯೋ ಹುಚ್ಚಿತ್ತು. ಅವನ ಜೊತೆ ತಂತಿ ಸುತ್ತುತ್ತ ಬೆಳೆದವಳು ನಾನು. ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಸುಟ್ಟು ಬಿದ್ದಿದ್ದ ಡೈನಮೋದ ತಾಮ್ರದ ತಂತಿಯನ್ನು ನಮ್ಮವರಿಂದ ತರಿಸಿದೆ. ತುದಿಗೆ ಕಟ್ಟಲು ಕರೆಂಟು ಹಾಯದ ಪಿಂಗಾಣಿ ಬಟ್ಟಲು ಎಲ್ಲಿಂದ ತರುವುದು? ನನ್ನ ಮದುವೆಯ ಪೆಟ್ಟಿಗೆಯಲ್ಲಿ ಇನ್ನೂ ತೊಡದ ಗಾಜಿನ ಬಳೆಗಳಿದ್ದವು. ಒಂದೊಂದೇ ಆದರೆ ಮುರಿಯುತ್ತವೆಂದು ನಾಲ್ಕೈದು ಸೇರಿಸಿ ಕಟ್ಟಿದೆ. ಅತ್ತೆ ನೋಡಿ ಎದೆ ಹಿಡಿದುಕೊಂಡರು. "ಬಳಿ ತಗೊಂಡು ಮಾಳಗಿಗೆ ತೊಡಸ್ಲತ್ತಾಳಲ್ಲೋ ಈಕಿ!"

ಆದರೆ ನಮ್ಮ ಮಾಳಿಗೆ ಚಿಕ್ಕದು. ತಂತಿಯ ಒಂದು ತುದಿ ನಮ್ಮಲ್ಲಿ ನಿಂತರೆ ಇನ್ನೊಂದು ಪಕ್ಕದ ಹಲೀಮಾ ಆಪಾರ ಮಾಳಿಗೆಗೇ ಹೋಗಬೇಕು. ಆಪಾರ ಗಂಡ ಖಾಸಿಂಸಾಬರು ಟೇಲರ್. ಹೊಲಿಗೆ ಮಷೀನಿನ ಸಾಮಾನು ತರಲು ಹೈದರಾಬಾದಿಗೆ ಹೋದವರು ಅಲ್ಲೇ ಸಿಕ್ಕಿಬಿದ್ದಿದ್ದರು. ಗೋಡೆಯ ಈಚೆಯಿಂದ ನಾನು ಒಪ್ಪಿಗೆ ಕೇಳಿದಾಗ ಆಪಾ ಕೇಳಿದ್ದು ಒಂದೇ ಮಾತು: "ಹೈದರಾಬಾದಿನ ಖಬರ್ ಬರ್ತದೇನು ಇದ್ರಾಗ?"

"ಬರ್ತದ ಆಪಾ."

"ಹಂಗಾದ್ರ ಕಟ್ಟು. ನನಗೂ ಕೇಳ್ಸು."

ತಂತಿ ಎಳೆದು, ರೇಡಿಯೋದ ಇನ್ನೊಂದು ವಯರನ್ನು ಬಚ್ಚಲ ಹಸಿ ಮಣ್ಣಿನಲ್ಲಿ ಹೂತ ಕಬ್ಬಿಣದ ಸಲಾಕೆಗೆ ಸುತ್ತಿ, ರೇಡಿಯೋ ಹಚ್ಚಿದೆ. ಸಾಸಿವೆ ಸಿಡಿಯುವುದು ನಿಂತಿತು. ಒಬ್ಬ ಗಂಡಸು ನಮ್ಮ ಪಡಸಾಲೆಯಲ್ಲೇ ಕುಳಿತವನಂತೆ ಉರ್ದುವಿನಲ್ಲಿ ಮಾತಾಡಿದ. ಹೈದರಾಬಾದ್, ದಿಲ್ಲಿ, ಮುಂಬಯಿ ಒಂದರ ಹಿಂದೊಂದು ಬಂದವು. ಬಾಗಿಲು ಹಾಕಿಕೊಂಡು ನಾವು ನಾಲ್ವರೂ ದಿನವೂ ಕೇಳಿದೆವು. ಉರ್ದು ಕಠಿಣವಾದಾಗ ಆಪಾ ಬಿಡಿಸಿ ಹೇಳುತ್ತಿದ್ದರು, ಪುಸ್ತಕದ ಕನ್ನಡ ಬಂದರೆ ನಾನು. ಫೌಜು ಒಳಗೆ ಬಂದದ್ದೂ, ನಿಜಾಮರ ಕಡೆಯವರು ಶರಣಾದದ್ದೂ ಭಾಲ್ಕಿಯಲ್ಲಿ ಮೊದಲು ತಿಳಿದದ್ದು ನಮಗೇ ಇರಬೇಕು. ಅತ್ತೆ ಗಂಟು ಬಿಚ್ಚಿ ಸೀರೆಗಳನ್ನು ಮತ್ತೆ ಗಳುವಿಗೆ ಹಾಕಿದರು.

ಆಪಾರ ಕಷ್ಟ ಶುರುವಾದದ್ದು ಆಮೇಲೆ. ಅದುವರೆಗೆ ನಿಜಾಮರ ಹೆಸರಿನಲ್ಲಿ ಊರನ್ನು ಅಂಜಿಸುತ್ತಿದ್ದವರು ಓಡಿಹೋಗಿದ್ದರು. ಅಂಜಿಕೊಂಡಿದ್ದವರಲ್ಲಿ ಕೆಲವರು ಈಗ ಕೋಲು ಹಿಡಿದು ತಿರುಗುತ್ತಿದ್ದರು. ಒಂದು ಮಧ್ಯಾಹ್ನ ಬೀದಿಯಲ್ಲಿ ಗದ್ದಲ ಕೇಳಿ ಕಿಟಕಿಯಿಂದ ನೋಡಿದರೆ, ಆಪಾರ ಬಾಗಿಲಲ್ಲಿ ಒಂದು ಗುಂಪು, ಜೊತೆಗೆ ಇಬ್ಬರು ಫೌಜಿನವರು.

"ಗಂಡ ಹೈದರಾಬಾದದಾಗ ಕುಂತಾನ. ಈಕಿ ಇಲ್ಲಿಂದ ವೈರ್‌ಲೆಸ್ಸಿನಾಗ ಖಬರ್ ಕಳಸ್ಲತ್ತಾಳ. ನೋಡ್ರಿ ಮ್ಯಾಲ ತಾರು!" ಎಂದು ಒಬ್ಬ ನನ್ನ ಬಳೆಗಳ ಕಡೆ ಕೋಲು ತೋರಿಸುತ್ತಿದ್ದ.

ಆಪಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

ನಮ್ಮವರು ಸಾಲೆಯಲ್ಲಿದ್ದರು. ಸೊಸೆಯಾದವಳು ಬೀದಿಗಿಳಿದು ಗಂಡಸರ ಎದುರು ಮಾತಾಡುವ ಕಾಲವಲ್ಲ ಅದು. ನಾನು ಹೇಗೆ ಇಳಿದೆನೋ ಕಾಣೆ. ಗುಂಪಿನ ನಡುವೆ ನುಗ್ಗಿ ಆಪಾರ ಪಕ್ಕ ನಿಂತು ಹೇಳಿದೆ: "ಆ ತಾರು ನಂದದ. ನಾನೇ ಕಟ್ಟೀನಿ. ಇದು ಖಬರ್ ಕೇಳ್ತದ, ಕಳಸಂಗಿಲ್ಲ."

"ಸುಳ್ಳು! ಹೆಣ್ಮಗಳು ಇದನ್ನ ಕಟ್ತಾಳಾ?" ಎಂದು ಯಾರೋ ನಕ್ಕರು. ಆ ನಗು ಕೇಳಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು.

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. ಬೈಯಲು ಬಂದರೆಂದು ತಿರುಗಿದರೆ, ಅದುವರೆಗೆ ರೇಡಿಯೋವನ್ನು ಬೆರಳಿನಿಂದಲೂ ಮುಟ್ಟದಿದ್ದ ಅತ್ತೆ ಅದನ್ನು ಬ್ಯಾಟರಿ ಸಮೇತ ಕೂಸಿನಂತೆ ಕಂಕುಳಲ್ಲಿ ಎತ್ತಿಕೊಂಡು ಬಂದಿದ್ದರು. "ಹಚ್ಚಿ ತೋರಸು ಇವರಿಗಿ," ಎಂದರು.

ನಮ್ಮ ಕಟ್ಟೆಯ ಮೇಲೆ ರೇಡಿಯೋ ಇಟ್ಟು, ಮಾಳಿಗೆಯಿಂದ ಇಳಿದಿದ್ದ ತಂತಿಯನ್ನು ಕಿಟಕಿಯಿಂದೀಚೆ ಎಳೆದು ಸಿಕ್ಕಿಸಿದೆ. ಹಾಡು ಬಂತು. ತೆಗೆದೆ, ನಿಂತಿತು. ಸಿಕ್ಕಿಸಿದೆ, ಮತ್ತೆ ಬಂತು. ಫೌಜಿನ ಇಬ್ಬರಲ್ಲಿ ಹಿರಿಯನಿಗೆ ವೈರ್‌ಲೆಸ್ ಕೆಲಸ ಗೊತ್ತಿತ್ತು. ರೇಡಿಯೋ ತಿರುಗಿಸಿ ನೋಡಿದ, ಮಾಳಿಗೆ ಹತ್ತಿ ಎರಡೂ ತುದಿ ನೋಡಿದ. ಬಳೆಗಳನ್ನು ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ. ಕೆಳಗೆ ಬಂದು ಗುಂಪಿಗೆ ಹಿಂದಿಯಲ್ಲಿ ಹೇಳಿದ: ಇದರಿಂದ ಯಾರೂ ಏನೂ ಕಳಿಸಲಾರರು, ಇದು ಕೇಳುವ ತಂತಿ, ಎಲ್ಲರೂ ಮನೆಗೆ ಹೋಗಿ. ಗುಂಪು ಗೊಣಗುತ್ತ ಚದುರಿತು. ಅವನು ಮಾತ್ರ ಮತ್ತೆ ಮೇಲೆ ಹತ್ತಿ, ಗಾಳಿಗೆ ಕಡಿಯದಂತೆ ತಂತಿಯನ್ನು ಸ್ವಲ್ಪ ಸಡಿಲಿಸಿ ಕಟ್ಟಿ ಹೋದ. ಕಾಡಿನಲ್ಲಿ ನಾವೂ ಹೀಗೇ ಕಟ್ಟುತ್ತೇವೆ ಎಂದ. ಆ ಮಾತನ್ನು ನಾನು ಇವತ್ತಿಗೂ ಪದಕದಂತೆ ಇಟ್ಟುಕೊಂಡಿದ್ದೇನೆ.

ಬೀದಿ ಖಾಲಿಯಾದ ಮೇಲೆ ಆಪಾರಿಗೆ ಹೇಳಿದೆ: "ನನ್ನಿಂದ ನಿಮಗ ತ್ರಾಸಾಯ್ತು. ನಾಳಿಗೇ ಬಿಚ್ಚಿಬಿಡ್ತೇನಿ."

ಆಪಾ ಚೌಕಟ್ಟು ಬಿಟ್ಟು ಹೊರಗೆ ಬಂದರು. "ನಕೋ, ಬಿಚ್ಚಬ್ಯಾಡ! ಬಿಚ್ಚಿದ್ರ ಏನೋ ತಪ್ಪಿತ್ತು ಅದಕ್ಕೇ ಬಿಚ್ಯಾರ ಅಂತಾರ. ನನ್ನ ಮನಿ ಮ್ಯಾಲಿಂದು ನನ್ನ ಮನಿ ಮ್ಯಾಲೇ ಇರ್ಲಿ."

ಮುಂದೆ, ನಿಂತಿದ್ದ ರೈಲು ಮತ್ತೆ ಶುರುವಾಗಿ ಖಾಸಿಂಸಾಬರು ಬಂದಿಳಿದಾಗ, ಮನೆಯೊಳಗೆ ಕಾಲಿಡುವ ಮೊದಲೇ ಆಪಾ ಅವರನ್ನು ಅಂಗಳದಲ್ಲಿ ನಿಲ್ಲಿಸಿ ಮೇಲೆ ನೋಡಿರೆಂದು ತೋರಿಸಿದರು. ನಮ್ಮ ಅತ್ತೆಯಂತೂ ತಮ್ಮ ತವರು ಭಾತಂಬ್ರಾಕ್ಕೆ ನನ್ನನ್ನು ಬಂಡಿಯಲ್ಲಿ ಕರೆದೊಯ್ದು ಅಲ್ಲಿದ್ದ ತಮ್ಮ ಅಣ್ಣನ ಮನೆಗೂ ತಂತಿ ಕಟ್ಟಿಸಿದರು. ಅಲ್ಲಿ ನೆರೆದ ಹೆಂಗಸರಿಗೆ "ನಮ್ಮ ಸೊಸಿ ಕಟ್ಟಿದ್ದು ಫೌಜಿನವರಿಗೂ ಪಸಂದ ಬಂದದ" ಎಂದು ಅವರು ಹೇಳುತ್ತಿದ್ದುದನ್ನು ನಾನು ಏಣಿಯ ಮೇಲೆ ನಿಂತು, ಕೇಳಿಸದವಳಂತೆ, ಕಿವಿ ತುಂಬ ಕೇಳಿದೆ.

ಆಮೇಲೆ ಎಷ್ಟೋ ಕಟ್ಟಿದೆ. ಪರೀಕ್ಷೆ ಬರೆದೆ, ರೇಡಿಯೋದಲ್ಲಿ ಹೆಸರಿನಂತೆ ಹೇಳುವ ನನ್ನದೇ ಕರೆಗುರುತು ಪಡೆದು ಮಾತನ್ನು ಕಳಿಸಲೂ ಕಲಿತೆ. ಆದರೆ ಒಂದೇ ಮನೆಯೊಳಗೆ ಪೂರ್ತಿಯಾಗುವ ಒಳ್ಳೆಯ ಆಂಟೆನಾವನ್ನು ನಾನಿನ್ನೂ ಕಂಡಿಲ್ಲ. ಎಲ್ಲಿ ಹೋದರೂ ಇನ್ನೊಂದು ತುದಿಗೆ ಇನ್ನೊಬ್ಬರ ಅಂಗಳ, ಇನ್ನೊಬ್ಬರ ಮರ, ಇನ್ನೊಬ್ಬರ ಒಪ್ಪಿಗೆ ಬೇಕಾಗುತ್ತದೆ.

ಮೈಲೂರಿಗೆ ಬಂದಾಗಲೂ ಅದೇ ಆಯಿತು. ಪಕ್ಕದ ಮನೆಯಲ್ಲಿ ಔರಾದ ಕಡೆಯ ಹೆಣ್ಣುಮಗಳು. ಅವಳ ಮಾಳಿಗೆಯ ಮೇಲೊಂದು ಬೊಂಬು ನಿಲ್ಲಿಸಲೇ ಎಂದು ಕೇಳಿದೆ. ರಷ್ಯಾ, ಜಪಾನ್ ಎಂದು ಬಹಳ ವರ್ಣಿಸಿದೆ. ಅವಳು ತಾಳ್ಮೆಯಿಂದ ಕೇಳಿ, "ನಿಲ್ಲಸ್ರಿ ಅಮ್ಮಾ," ಎಂದಳು. "ಆದ್ರ ನಮ್ಮ ಅರಿವಿ ಒಣಗಸೋ ಹಗ್ಗದ್ದು ಒಂದ್ ತುದಿ ನಿಮ್ಮ ಕಡಿ ಕಟ್ಟಗೊಳ್ತೇನಿ. ನಮ್ಮ ಕಡಿ ಬಿಸಲೇ ಇಲ್ಲ."

ಒಪ್ಪಿದೆ. ಅವಳು ಹಾಕಿದ ಗಂಟು ನೋಡಿ ಸುಮ್ಮನಿರಲಾಗಲಿಲ್ಲ. ಬಿಚ್ಚಿ, ಗಾಳಿಗೆ ತಕ್ಕಷ್ಟು ಸಡಿಲ ಕೊಟ್ಟು, ನಾನೇ ಮತ್ತೆ ಕಟ್ಟಿದೆ. ಈಗ ಅದರ ಮೇಲೆ ಎರಡು ಒದ್ದೆ ಕೌದಿ ಹಾಕಿದರೂ ನೆಲಕ್ಕೆ ತಾಗುವುದಿಲ್ಲ.