ಒಣ ಸರಕಿನ ಪೆಟ್ಟಿಗೆ

ರಿಬ್ನಿತ್ಸಾ ಕಣಿವೆಯಲ್ಲಿ ಮರದ ಸೌಟು, ಜರಡಿ, ಕುಂಟೆ ಎಲ್ಲಕ್ಕೂ ಸೇರಿ ಒಂದೇ ಹೆಸರು: ಒಣ ಸರಕು. ನೆಜ್ಕಾಳ ಕೈಯಲ್ಲಿ ನಲವತ್ತು ವರ್ಷಗಳ ಕೆತ್ತನೆಯಿತ್ತು. ಒಣಗಿದ ಮರ ಮಾತ್ರ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಮನೆಯ ಹುಲ್ಲು ಒಣಗಿಸುವ ಅಟ್ಟ, ಅವನ ಅಣ್ಣ ಲೋವ್ರೆಂಟ್ಸನ ಪಾಲಾಯಿತು. ಮರವನ್ನು ಮೂರು ಚಳಿಗಾಲ ಗಾಳಿಗೊಡ್ಡಲು ಇದ್ದ ಜಾಗ ಅದೊಂದೇ. ಸರಕಿಗೆ ಊರಿನ ಮುದ್ರೆ ಒತ್ತುವವನೂ ಅವನೇ. ಮುದ್ರೆಯಿಲ್ಲದ ಸೌಟನ್ನು ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ.

"ಕೆತ್ತಿದ್ದು ಸಾಕು. ಹೆಣಿಗೆ ಹಿಡ್ಕೊಂಡು ಕೂತ್ಕೋ," ಅಂದಿದ್ದ.

ನೆಜ್ಕಾ ಹೆಣಿಗೆ ಹಿಡಿಯಲಿಲ್ಲ. ಕೆಟ್ಟುಹೋದ ಫ್ರಿಜ್ಜನ್ನು ಅಂಗಳಕ್ಕೆ ಎಳೆದು, ಬೆನ್ನಿಗೆ ಎರಡು ತೂತು ಕೊರೆದು, ತಳದಲ್ಲಿ ಕಾವಿಗೆ ದೊಡ್ಡದೊಂದು ಬಲ್ಬು, ಗಾಳಿಗೆ ಪುಟ್ಟ ಫ್ಯಾನು ಕೂರಿಸಿದಳು. ಬೀಚ್ ಮರದ ಹಸಿ ತುಂಡುಗಳನ್ನು ನಡುನಡುವೆ ಕಡ್ಡಿಯಿಟ್ಟು ಪೇರಿಸಿದಳು.

ಲೋವ್ರೆಂಟ್ಸ್ ಬೇಲಿಗೆ ಒರಗಿ ನಕ್ಕ. "ಏನಮ್ಮಾ, ಮರಕ್ಕೆ ಸೆಕೆ ಆಯ್ತಾ? ಫ್ರಿಜ್ಜಲ್ಲಿಡ್ತಿದ್ದೀಯ!"

"ಒಳಗೆ ಬೆಚ್ಚಗಿದೆ, ಭಾವ. ನಿಮ್ಮ ಮನಸ್ಸಿನ ಹಾಗಲ್ಲ."

ಮೂರನೇ ದಿನ ಪೆಟ್ಟಿಗೆಯೊಳಗೆ ಪಟಪಟ ಸದ್ದು. ಮರದ ಹೊರಮೈ ಬೇಗ ಒಣಗಿ ಬಿಗಿದು, ಒಳಗಿನ ಹಸಿ ಹೊರಬರಲಾಗದೆ ಅಷ್ಟೂ ತುಂಡುಗಳು ಸೀಳಿಹೋಗಿದ್ದವು. ಒಂದನ್ನು ಕೆನ್ನೆಗೊತ್ತಿಕೊಂಡು ಕುಳಿತಳು. ಗಂಡ ಸತ್ತಾಗ ಊರು ತನಗೂ ಹೀಗೇ ಮಾಡಿತ್ತಲ್ಲ: ಬೇಗ ಕಣ್ಣೊರೆಸಿಕೋ, ಬೇಗ.

ಎದ್ದು ಸಣ್ಣ ಬಲ್ಬು ಹಾಕಿದಳು. ಹೊಸ ತುಂಡುಗಳ ಕೆಳಗೆ, ಹೊರಮೈ ಬೇಗ ಬಿಗಿಯದಂತೆ, ಒಂದು ಬೋಗುಣಿ ನೀರಿಟ್ಟಳು.

"ಒಣಗಿಸೋಕೆ ನೀರಿಡೋಳನ್ನ ಇವತ್ತೇ ನೋಡಿದ್ದು!" ಲೋವ್ರೆಂಟ್ಸ್ ಮತ್ತೆ ಬೇಲಿಗೆ ಬಂದಿದ್ದ.

"ನೋಡ್ತಾ ಇರಿ. ಮರಕ್ಕೂ ಅಳೋಕೆ ಪುರುಸೊತ್ತು ಬೇಕು, ಭಾವ."

ದಿನಾ ಬೆಳಿಗ್ಗೆ ಒಂದು ತುಂಡನ್ನು ಅಡುಗೆಮನೆಯ ತಕ್ಕಡಿಯಲ್ಲಿಡುವಳು. ತೂಕ ಇಳಿಯುತ್ತ ಹೋಗಿ, ಐದನೇ ವಾರ ಇಳಿಯುವುದು ನಿಂತಿತು: ಮರ ಒಣಗಿತ್ತು. ಆಗ ಉಳಿ ಹಿಡಿದಳು.

ಮುದ್ರೆಯ ದಿನ ಸಾಲಿನಲ್ಲಿ ಅವಳ ಸರದಿ ಬಂತು.

"ಅಟ್ಟ ಕಾಣದ್ದು ಒಣ ಸರಕಲ್ಲ," ಅಂದ ಲೋವ್ರೆಂಟ್ಸ್.

"ಒಣ ಸರಕು ಅಂತಾರೆ ಭಾವ. ಅಟ್ಟದ ಸರಕು ಅಂತ ಯಾರಾದ್ರೂ ಕರೆದದ್ದುಂಟಾ? ಬಡಿದು ನೋಡಿ."

ಎರಡು ಸೌಟನ್ನು ಕಿವಿಯ ಹತ್ತಿರ ಒಂದಕ್ಕೊಂದು ಬಡಿದ. ಹಸಿಯಿದ್ದರೆ ಡಬ್ ಅನ್ನಬೇಕು. ಟಣ್ ಅಂದಿತು. ಬೇರೆ ಎರಡು ತೆಗೆದ. ಟಣ್. ಬುಟ್ಟಿಯ ತಳದಿಂದ ಹುಡುಕಿ ಮತ್ತೆರಡು. ಟಣ್.

"ಚರ್ಚಿನ ಗಂಟೆ ಹೊಡೆದಿದ್ದು ಸಾಕು ಮಾರಾಯಾ, ಮುದ್ರೆ ಒತ್ತು!" ಸಾಲಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು.

ಲೋವ್ರೆಂಟ್ಸ್ ಕಾದ ಮುದ್ರೆಯನ್ನು ಸೌಟಿನ ಹಿಡಿಗೆ ಸುಮ್ಮನೆ ಸೋಕಿಸಿದ. ಗುರುತು ಮಸುಕಾಗಿ ಮೂಡಿತು. ನೆಜ್ಕಾ ಅದನ್ನು ಅವನತ್ತ ಮರಳಿ ತಳ್ಳಿದಳು.

"ಗಟ್ಟಿಯಾಗಿ ಒತ್ತಿ, ಭಾವ. ಒಣಗಿದ ಮರ. ತಡ್ಕೊಳ್ಳುತ್ತೆ."