ಬ್ರೇಕ್ ಮೇಷ್ಟ್ರ ಹದಿಮೂರನೇ ಮಾರ್ಕು

ಡ್ರೈವಿಂಗ್ ಕಲಿಸುವ ಕಾರಿಗೆ ಎರಡು ಬ್ರೇಕ್ ಇರುತ್ತವೆ. ಒಂದು ಸ್ಟೇರಿಂಗ್ ಹಿಡಿದವರ ಕಾಲ ಕೆಳಗೆ, ಇನ್ನೊಂದು ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಕೂತವರ ಕಾಲ ಕೆಳಗೆ. ಇಪ್ಪತ್ತೇಳು ವರ್ಷ ಆ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಸಂಸಾರ ಸಾಗಿಸಿದವರನ್ನು ಜನ ಬ್ರೇಕ್ ಮೇಷ್ಟ್ರು ಎಂದು ಕರೆದರೆ ಅದರಲ್ಲಿ ಕುಹಕವೇನೂ ಇಲ್ಲ. ಅವರ ಎಡ ಚಪ್ಪಲಿ ಹೊಸದರ ಹಾಗೆ ಇರುವಾಗಲೇ ಬಲ ಚಪ್ಪಲಿಯ ಅಟ್ಟೆ ಸವೆದು ಕಾಗದವಾಗಿರುತ್ತದೆ. ಒಂದೇ ಕಾಲಿನ ಚಪ್ಪಲಿ ಯಾಕೆ ಮಾರುವುದಿಲ್ಲ ಎಂದು ಅಂಗಡಿಯವನ ಜೊತೆ ಅವರದು ವರ್ಷಾವರಿ ಜಗಳ.

ಇಂಥವರಿಗೆ ಐವತ್ತೆರಡನೇ ವಯಸ್ಸಿನಲ್ಲಿ ಇಂಗ್ಲಿಷ್ ಗಂಟುಬಿತ್ತು. ಕಾರು ಕಲಿಸುವವರು ಲೈಸೆನ್ಸ್ ನವೀಕರಿಸಬೇಕಾದರೆ ಇನ್ನು ಮುಂದೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು ಎಂದು ಕಚೇರಿಯಿಂದ ಕಾಗದ ಬಂತು. ಕಂಪ್ಯೂಟರ್ ಮುಂದೆ ಕೂರಬೇಕು, ಅದು ತೋರಿಸುವ ಕಥೆ ಓದಬೇಕು, ಇಪ್ಪತ್ತು ಪ್ರಶ್ನೆಗೆ ಉತ್ತರ ಒತ್ತಬೇಕು. ಹನ್ನೆರಡು ಸರಿಯಾದರೆ ಪಾಸು. ಮೂರೇ ಸಲ ಅವಕಾಶ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಷ್ಟ್ರು ಮೊದಲ ಸಲ ಒಂಬತ್ತು ತೆಗೆದರು, ಎರಡನೇ ಸಲ ಹತ್ತು. ಮೂರನೆಯದೂ ಕೈಕೊಟ್ಟರೆ ಪಕ್ಕದ ಸೀಟು ಹೋದಂತೆಯೇ. ಡ್ರೈವಿಂಗ್ ಸ್ಕೂಲಿನ ಮಾಲೀಕರು ಮೆಲ್ಲಗೆ ಹೇಳಿಯೂ ಬಿಟ್ಟಿದ್ದರು: "ಆಫೀಸಲ್ಲಿ ಕೂತು ಫಾರಂ ತುಂಬ್ಸಿ ಮೇಷ್ಟ್ರೇ, ಫ್ಯಾನ್ ಇದೆ." ಫ್ಯಾನ್ ಇದೆಯಂತೆ! ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು.

ಆಗ ಸಿಕ್ಕಿದವರು ಟೀಚರಮ್ಮ. ಅರವತ್ತೆರಡು ವರ್ಷ, ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಈಗ ಹಟಕ್ಕೆ ಬಿದ್ದು ಕಾರು ಕಲಿಯಲು ಬಂದವರು. ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಸಂಜೆ ಅರ್ಧ ಗಂಟೆ ಕಾರಿನಲ್ಲಿ ಮೇಷ್ಟ್ರ ಪಾಠ, ಆಮೇಲೆ ಅರ್ಧ ಗಂಟೆ ಟೀಚರಮ್ಮನ ಮನೆಯ ಊಟದ ಮೇಜಿನ ಮೇಲೆ ಅವರ ಪಾಠ. ಮೊದಲ ವಾರ ಕಳೆಯುವಷ್ಟರಲ್ಲಿ ಇಬ್ಬರಿಗೂ ಒಬ್ಬರಿಂದೊಬ್ಬರಿಗೆ ತಲೆ ಚಿಟ್ಟು ಹಿಡಿದಿತ್ತು.

ಟೀಚರಮ್ಮನಿಗೆ ರಸ್ತೆ ಬದಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುವ ಚಾಳಿ. ಔಷಧಿ ಅಂಗಡಿಯ ಬೋರ್ಡಿನಲ್ಲಿ ಅಕ್ಷರ ತಪ್ಪಿದ್ದರೆ ಕಾರು ನಿಂತೇಹೋಗುತ್ತಿತ್ತು. "ರಸ್ತೆ ನೋಡಿ ಟೀಚರಮ್ಮ, ದೂರ ನೋಡಿ!" ಎಂದು ಮೇಷ್ಟ್ರು ಕೂಗುತ್ತಿದ್ದರು. ಮೇಜಿನ ಹತ್ತಿರ ಮೇಷ್ಟ್ರದೂ ಅದೇ ಗತಿ. ಒಂದೊಂದು ಪದಕ್ಕೂ ನಿಲ್ಲುತ್ತಿದ್ದರು, ಹಿಂದಕ್ಕೆ ಹೋಗುತ್ತಿದ್ದರು, ಮತ್ತೆ ಹೊರಡುತ್ತಿದ್ದರು. ತಪ್ಪಾದಾಗಲೆಲ್ಲ ಟೀಚರಮ್ಮನ ಪೆನ್ಸಿಲ್ ಮೇಜಿನ ಮೇಲೆ ಟಕ್ ಎನ್ನುತ್ತಿತ್ತು. ಆ ಸದ್ದಿಗೆ ಮೇಷ್ಟ್ರ ನಾಲಿಗೆ ಅಲ್ಲೇ ಆಫ್ ಆಗಿಬಿಡುತ್ತಿತ್ತು.

ಪಾಠಕ್ಕೆ ಇದ್ದದ್ದು ಟೀಚರಮ್ಮ ಶಾಲೆಯ ಕಾಲದಿಂದ ಇಟ್ಟುಕೊಂಡಿದ್ದ ಒಂದು ಹಳೇ ಪುಸ್ತಕ. ನಿಜವಾಗಿ ನಡೆದ ನಗೆಪ್ರಸಂಗಗಳು, ಪ್ರತಿ ಪ್ರಸಂಗದ ಕೆಳಗೆ ಹತ್ತು ಪ್ರಶ್ನೆ. ನಗುನಗುತ್ತಾ ವ್ಯಾಕರಣ ತಾನಾಗಿಯೇ ತಲೆಗೆ ಹೋಗುತ್ತದೆ ಎಂದು ಮುನ್ನುಡಿಯಲ್ಲಿ ಬರೆದಿತ್ತು. ಮೇಷ್ಟ್ರ ತಲೆಗೆ ಹೋಗಿದ್ದು ಬರೀ ಕೋಪ. ಒಂದು ಪ್ರಸಂಗದಲ್ಲಿ ಒಬ್ಬಾಕೆ ಇಳಿಜಾರಿನಲ್ಲಿ ಕಾರು ನಿಲ್ಲಿಸಿ ಹೋಗುತ್ತಾಳೆ. ಕಾರು ತಾನೇ ಉರುಳಿಕೊಂಡು ಹೋಗಿ ಕೇಕ್ ಅಂಗಡಿಗೆ ನುಗ್ಗುತ್ತದೆ. ಅಂಗಡಿಯವನು ಒಳಕೋಣೆಯಿಂದ ಬಂದು, ಖಾಲಿ ಕಾರಿಗೆ ಕೈಮುಗಿದು, "ಯಾವ ಕೇಕ್ ಕೊಡಲಿ?" ಎಂದು ಕೇಳುತ್ತಾನೆ. ಎಲ್ಲರೂ ಯಾಕೆ ನಕ್ಕರು ಎಂಬುದು ಏಳನೇ ಪ್ರಶ್ನೆ. ಮೇಷ್ಟ್ರು ಆ ಜಾಗ ಖಾಲಿ ಬಿಟ್ಟಿದ್ದರು.

"ಯಾಕ್ರೀ ಬರೀಲಿಲ್ಲ?"

"ಹ್ಯಾಂಡ್‌ಬ್ರೇಕ್ ಎಳೀದೆ ಇಳಿದವಳು ಅವಳು. ಅಂಗಡಿ ಒಳಗೆ ಮಗು ಗಿಗು ನಿಂತಿದ್ರೆ? ಇದರಲ್ಲಿ ನಗೋದೇನಿದೆ ಟೀಚರಮ್ಮ? ಮೊದಲು ಅವಳಿಗೆ ಕಲಿಸಿದ್ದು ಯಾರು ಅಂತ ಕೇಳ್ಬೇಕು."

"ಅದನ್ನ ಕೇಳಿಲ್ಲ ಮೇಷ್ಟ್ರೇ. ಕಾಗದದಲ್ಲಿ ಏನಿದೆಯೋ ಅಷ್ಟಕ್ಕೆ ಉತ್ತರ ಬರೀರಿ. ನಿಮ್ಮ ಕಾಲನ್ನ ಕಥೆಯೊಳಗೆ ಇಡ್ಬೇಡಿ."

ಹೀಗೆ ಪುಸ್ತಕ ಮುಗಿಯಿತು. ಎರಡನೇ ಸುತ್ತಿಗೆ ಮೇಷ್ಟ್ರು ಉತ್ತರಗಳನ್ನೇ ಬಾಯಿಪಾಠ ಮಾಡಿಕೊಂಡು ಬಂದರು, ಟೀಚರಮ್ಮನ ಕೈಗೆ ಸಿಕ್ಕಿಬಿದ್ದರು. ಪರೀಕ್ಷೆಗೆ ಇನ್ನು ಹತ್ತೇ ದಿನ. ಹೊಸ ಕಥೆ ಬೇಕು. ಆಗ ಟೀಚರಮ್ಮ ತಾವೇ ಒಂದನ್ನು ಇಂಗ್ಲಿಷಿನಲ್ಲಿ ಬರೆದರು. ಎರಡು ವರ್ಷದ ಹಿಂದೆ ನಡೆದದ್ದು. ಮೇಷ್ಟ್ರೇ ಒಂದು ದಿನ ಕಾರಿನಲ್ಲಿ ನಗುತ್ತಾ ಹೇಳಿದ್ದು.

ಮೇಷ್ಟ್ರಿಗೆ ಒಬ್ಬಳೇ ಮಗಳು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ, ನಾಲ್ಕು ಬೀದಿಯಾಚೆ ಬೇರೆ ಮನೆ. ಅವಳು ಒಂದು ಹಳೇ ಕಾರು ಕೊಂಡು ಮೊದಲ ಸವಾರಿಗೆ ಅಪ್ಪನನ್ನು ಕರೆದಳು. ಆ ಕಾರಿಗೆ ಎಲ್ಲ ಕಾರಿನ ಹಾಗೆ ಒಂದೇ ಬ್ರೇಕ್. ಮೇಷ್ಟ್ರ ಕಾಲಿಗೆ ಅದು ಗೊತ್ತಾಗಬೇಕಲ್ಲ! ತಿರುವಿನಲ್ಲಿ ನೆಲ ಒತ್ತಿದರು, ಸಿಗ್ನಲ್ಲಿನಲ್ಲಿ ಒತ್ತಿದರು, ಸೈಕಲ್ ಕಂಡರೆ ಒತ್ತಿದರು, ಕಾಲ ಕೆಳಗಿನ ಮ್ಯಾಟ್ ಮುದುರಿ ಮುದ್ದೆಯಾಯಿತು. ಸೇತುವೆಯ ಮೇಲೆ ಎದುರಿಗೆ ಲಾರಿ ಬಂದಾಗ ತಡೆಯಲಾಗದೆ ಹ್ಯಾಂಡ್‌ಬ್ರೇಕನ್ನೇ ಎಳೆದುಬಿಟ್ಟರು. ಕಾರು ಕಿರುಚಿ ನಟ್ಟನಡುವೆ ನಿಂತಿತು. ಹಿಂದೆ ಹಾರ್ನುಗಳ ಗಲಾಟೆ. ಮೇಷ್ಟ್ರು ಇಳಿದು, ಸುತ್ತಿ ಬಂದು, ಮಗಳ ಕಡೆಯ ಬಾಗಿಲು ತೆಗೆದು, ಇಪ್ಪತ್ತೈದು ವರ್ಷದ ಅಭ್ಯಾಸಬಲದಿಂದ ಹೇಳಿದರು: "ಇವತ್ತಿಗೆ ಸಾಕು, ಇಳೀರಿ. ನಾಳೆ ಇದೇ ಟೈಮಿಗೆ ಬನ್ನಿ."

ಈ ಪ್ರಸಂಗ ಹೇಳಿದಾಗಲೆಲ್ಲ ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಎಲ್ಲರೂ ನಕ್ಕರು, ಎಲ್ಲರಿಗಿಂತ ಹೆಚ್ಚಾಗಿ ಮಗಳು ನಕ್ಕಳು ಎಂದು ಮೇಷ್ಟ್ರು ಮುಗಿಸುತ್ತಾರೆ. ಟೀಚರಮ್ಮನೂ ಹಾಗೇ ಮುಗಿಸಿದ್ದರು.

ಅದರ ಕೆಳಗಿನ ಹತ್ತು ಪ್ರಶ್ನೆಯಲ್ಲಿ ಮೇಷ್ಟ್ರಿಗೆ ಬಂದದ್ದು ನಾಲ್ಕು. ಹಾಳೆ ನೋಡಿ ಅವರ ಮುಖ ಕಪ್ಪಿಟ್ಟಿತು.

"ನನ್ನ ಮಗಳು, ನನ್ನ ಕಾಲು, ನಾನೇ ಹೇಳಿದ ಕಥೆ. ನಂಗೇ ನಾಲ್ಕಾ?"

"ಕ್ರಿಯಾಪದ ಎಲ್ಲಾ ನಾಳೆಗೆ ಹಾಕಿದೀರ. ನಡೆದಿದ್ದು ನಿನ್ನೆ. ಅದಕ್ಕೇ ಐದು ಹೋಯ್ತು," ಎಂದರು ಟೀಚರಮ್ಮ. "ಮತ್ತೆ ಹತ್ತನೇದು. ಕೊನೆಗೆ ಮಗಳಿಗೆ ಏನನ್ನಿಸಿತು? ಖುಷಿ ಅಂತ ಸ್ಪಷ್ಟವಾಗಿದೆ. ಅವಳು ನಕ್ಕಳು ಅಂತ ಬರೆದಿದೆ. ನೀವು ಕೋಪ ಅಂತ ಯಾಕೆ ಹಾಕಿದ್ರಿ?"

ಮೇಷ್ಟ್ರು ತಮ್ಮ ಉತ್ತರದ ಮೇಲೆ ಎಳೆದಿದ್ದ ಅಡ್ಡಗೆರೆಗೆ ಬೆರಳಿಟ್ಟರು. "ಕೋಪಾನೇ ಬಂದಿತ್ತು," ಎಂದರು.

"ಕಾಗದದಲ್ಲಿ ಹಾಗಿಲ್ಲವಲ್ಲ."

"ಕಾಗದದಲ್ಲಿರೋದು ಸುಳ್ಳು. ನಕ್ಕಳು ಅಂತ ನಾನು ಸೇರಿಸಿದ್ದು. ಅವಳು ನನ್ನ ಮನೆ ಬಾಗಿಲಿಗೆ ಬಿಟ್ಟು ಹೋದ್ಲು. ಹೋಗುವಾಗ ಹೇಳಿದ್ದು ಇಷ್ಟೇ: ಊರಲ್ಲಿ ಹೋಗೋ ಬರೋರನ್ನೆಲ್ಲ ನಂಬ್ತೀಯ, ನನ್ನ ಕೈ ಮಾತ್ರ ನಂಬಲ್ಲ ಅಂತ. ಆವತ್ತಿನಿಂದ ಅವಳ ಕಾರು ನಾನು ಹತ್ತಿಲ್ಲ. ಅವಳೂ ಕರೆದಿಲ್ಲ."

ಟೀಚರಮ್ಮ ಪೆನ್ಸಿಲ್ ತಿರುಗಿಸುತ್ತಾ ಕೂತರು. ನಲವತ್ತು ವರ್ಷ ಮಕ್ಕಳನ್ನು ಗದರಿದ ಹೆಂಗಸು, ಅಷ್ಟು ಬೇಗ ಕರಗುವವರಲ್ಲ. "ಬೇಜಾರಾಯ್ತು ಮೇಷ್ಟ್ರೇ. ಆದ್ರೂ ಉತ್ತರ ತಪ್ಪೇ," ಎಂದರು.

ಮೇಷ್ಟ್ರಿಗೆ ರೇಗಿಹೋಯಿತು. "ನಿಮ್ಮ ಆ ಪೆನ್ಸಿಲ್ ಇದೆಯಲ್ಲ, ಅದನ್ನ ಮೊದಲು ಕೆಳಗಿಡಿ! ಟಕ್ ಅಂದ್ರೆ ನನ್ನ ಬಾಯಿ ಕಟ್ಟಿಹೋಗುತ್ತೆ. ತಪ್ಪೋ ಸರಿಯೋ, ಒಂದ್ಸಲ ಕೊನೇವರೆಗೆ ಹೋಗೋಕೆ ಬಿಡಿ ನನ್ನ."

"ನೀವು ನಿಮ್ಮ ಬ್ರೇಕಿಂದ ಕಾಲು ತೆಗೀರಿ, ನಾನು ಪೆನ್ಸಿಲ್ ಇಡ್ತೀನಿ. ಎರಡು ತಿಂಗಳಾಯ್ತು, ಕಾರನ್ನ ನಿಲ್ಲಿಸಿದ್ದು ನಾನೋ ನೀವೋ ಅಂತ ನಂಗೆ ಒಂದು ದಿನಾನೂ ಗೊತ್ತಾಗಿಲ್ಲ."

ಮರುದಿನ ಖಾಲಿ ಮೈದಾನದಲ್ಲಿ ಮೇಷ್ಟ್ರು ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು, ಹಲ್ಲು ಕಚ್ಚಿಕೊಂಡು ಕೂತರು. ಟೀಚರಮ್ಮ ಮೂರು ಸುತ್ತು ಹೊಡೆದರು, ನಾಲ್ಕನೆಯದರಲ್ಲಿ ಒಂದು ಕಸದ ಡಬ್ಬಿ ಉರುಳಿಸಿದರು, ತಾವಾಗಿಯೇ ನಿಲ್ಲಿಸಿದರು. ಸಂಜೆ ಮೇಜಿನ ಮೇಲೆ ಪೆನ್ಸಿಲ್ ಇರಲಿಲ್ಲ. ಮೇಷ್ಟ್ರು ಒಂದು ಪುಟ ಪೂರ್ತಿ, ಉಚ್ಚಾರಣೆಯನ್ನು ಕೊಂದುಕೊಂಡೇ, ಕೊನೆಯವರೆಗೆ ಓದಿದರು. ಆದರೂ ಹತ್ತಕ್ಕೆ ಐದು. ಇನ್ನೊಂದು ದಿನ ಆರು. ಅದಕ್ಕಿಂತ ಮೇಲೆ ಏರಲೇ ಇಲ್ಲ.

ಪರೀಕ್ಷೆಯ ಹಿಂದಿನ ಸಂಜೆ ಇನ್ನೊಂದು ತಕರಾರು ಎದ್ದಿತು. ಪರೀಕ್ಷೆ ಊರಾಚೆ, ಬೆಳಗ್ಗೆ ಒಂಬತ್ತಕ್ಕೆ. ಮೊದಲ ಬಸ್ಸು ತಲುಪುವುದೇ ಒಂಬತ್ತೂ ಕಾಲಿಗೆ. ಸ್ಕೂಲಿನ ಕಾರು ಬೆಳಗಿನ ಪಾಠಕ್ಕೆ ಬೇಕು. ಮೇಷ್ಟ್ರು ನಡೆದುಹೋಗುವ ಲೆಕ್ಕ ಹಾಕುತ್ತಿದ್ದಾಗ ಹೆಂಡತಿ ಅಡುಗೆಮನೆಯಿಂದಲೇ ಹೇಳಿದರು: "ಮಗಳಿಗೆ ಫೋನ್ ಮಾಡಿ ಆಯ್ತು ರೀ. ಎಂಟಕ್ಕೆ ಬರ್ತಾಳೆ. ಬಾಯಿ ಮುಚ್ಕೊಂಡು, ಕಾಲು ಮಡಚ್ಕೊಂಡು ಹೋಗಿ ಬನ್ನಿ."

ಎಂಟಕ್ಕೆ ಕಾರು ಬಂತು. ಮೇಷ್ಟ್ರು ಹಿಂದಿನ ಬಾಗಿಲಿಗೆ ಕೈಹಾಕಿದರು. "ಹಿಂದೆ ಯಾಕೆ? ನಾನೇನು ನಿನ್ನ ಡ್ರೈವರ್ರಾ?" ಎಂದಳು ಮಗಳು. ಮುಂದೆ ಕೂತರು. ಕಾಲ ಕೆಳಗೆ ಅದೇ ಮ್ಯಾಟ್.

ಮೊದಲ ತಿರುವಿಗೇ ಕಾಲು ಚಡಪಡಿಸಿತು. ರಸ್ತೆ ಕಂಡರೆ ತಾನೇ ಈ ಫಜೀತಿ ಎಂದುಕೊಂಡು ಮೇಷ್ಟ್ರು ಜೇಬಿನಿಂದ ಕೈಗೆ ಸಿಕ್ಕ ಹಾಳೆ ಎಳೆದು, ಮುಖಕ್ಕೆ ಅಡ್ಡ ಹಿಡಿದು, ಗಟ್ಟಿಯಾಗಿ ಓದತೊಡಗಿದರು. ಅದು ಟೀಚರಮ್ಮ ಬರೆದ ಹಾಳೆಯೇ. ಕಾರು ಬಲಕ್ಕೆ ವಾಲಿತು, ಓದಿದರು. ಎಲ್ಲೋ ಹಾರ್ನ್ ಆಯಿತು, ಇನ್ನೂ ಜೋರಾಗಿ ಓದಿದರು. ಚಕ್ರದ ಸದ್ದು ಬದಲಾದಾಗ ಸೇತುವೆ ಬಂತೆಂದು ತಿಳಿಯಿತು. ಬೆನ್ನು ಬೆವೆತಿತು, ಓದು ಬಿಡಲಿಲ್ಲ. ನಿಲ್ಲಿಸಿದರೆ ಕಾಲು ಕೆಲಸ ಶುರುಮಾಡುತ್ತದೆ ಎಂಬ ಭಯಕ್ಕೆ ಯಾವ ಪದಕ್ಕೂ ನಿಲ್ಲದೆ, ಲಾರಿ, ಹ್ಯಾಂಡ್‌ಬ್ರೇಕ್, ನಾಳೆ ಇದೇ ಟೈಮಿಗೆ ಬನ್ನಿ ಎನ್ನುವುದನ್ನೆಲ್ಲ ದಾಟಿ, ಮಗಳು ಎಲ್ಲರಿಗಿಂತ ಹೆಚ್ಚಾಗಿ ನಕ್ಕಳು ಎಂಬಲ್ಲಿಗೆ ಬಂದು ಏದುಸಿರು ಬಿಟ್ಟರು.

"ನಾನು ನಗಲಿಲ್ಲ," ಎಂದಳು ಮಗಳು.

"ಗೊತ್ತಮ್ಮ."

"ಮತ್ತೆ ಯಾಕೆ ಹಾಗೆ ಹೇಳ್ಕೊಂಡು ತಿರುಗ್ತೀಯ? ನನ್ನ ಸಹೋದ್ಯೋಗಿಗಳ ಹತ್ರಾನೂ ಹೇಳಿದೀಯ."

"ಈ ಕಥೆ ಕೆಳಗೆ ಪ್ರಶ್ನೆ ಇತ್ತು, ಕೊನೆಗೆ ಮಗಳಿಗೆ ಏನನ್ನಿಸಿತು ಅಂತ. ನಾನು ಕೋಪ ಅಂತಾನೇ ಬರೆದೆ. ಟೀಚರಮ್ಮ ತಪ್ಪು ಅಂತ ಹೊಡೆದು ಹಾಕಿದ್ರು." ಹಾಳೆಯನ್ನು ಮಡಚುತ್ತಾ ಮೇಷ್ಟ್ರು ತಗ್ಗಿದ ದನಿಯಲ್ಲಿ ಹೇಳಿದರು: "ನಿನ್ನ ಕೈಯಲ್ಲಿ ತಪ್ಪಿರ್ಲಿಲ್ಲ ಕಣಮ್ಮ. ಲಾರಿ ತುಂಬಾ ದೂರ ಇತ್ತು. ತಪ್ಪು ನಂದೇ."

ಮಗಳು ಗೇರ್ ಬದಲಾಯಿಸಿದಳು. ಪರೀಕ್ಷಾ ಕೇಂದ್ರ ಬಂತು. ಮೇಷ್ಟ್ರು ಇಳಿದು, ನೀನು ಕೆಲಸಕ್ಕೆ ಹೋಗು, ನಾನು ಬಸ್ಸಿಗೆ ಬರುತ್ತೇನೆ ಎಂದು ಹೇಳಿ ಒಳಗೆ ಹೋದರು.

ಕಂಪ್ಯೂಟರ್ ತೋರಿಸಿದ ಕಥೆ ಒಬ್ಬ ಕ್ಷೌರಿಕನದು. ಗಿರಾಕಿ ಕುರ್ಚಿಯಲ್ಲೇ ನಿದ್ದೆಹೋದದ್ದನ್ನು ಮರೆತು ಅಂಗಡಿಗೆ ಬೀಗ ಜಡಿದು ಊಟಕ್ಕೆ ಹೋಗಿಬಿಡುತ್ತಾನೆ. ಗಿರಾಕಿ ಎದ್ದು, ಅರ್ಧ ಮೀಸೆಯಲ್ಲೇ ಕಿಟಕಿಯಿಂದ ಕೈಬೀಸುತ್ತಾನೆ. ಬೀಗ ಹಾಕುವ ಮುಂಚೆ ಒಳಗೊಮ್ಮೆ ನೋಡಬೇಕಲ್ಲವೇ ಎಂದು ಮೇಷ್ಟ್ರ ತಲೆಗೆ ಬಂತು. ಅದನ್ನು ತಲೆಯಲ್ಲೇ ಬಿಟ್ಟು ಓದಿಕೊಂಡು ಹೋದರು. ಬೀದಿಯವರು ಯಾಕೆ ನಕ್ಕರು ಎಂದು ಕೇಳಿದ್ದಕ್ಕೆ, ತಾವು ನಗದಿದ್ದರೂ, ಕಥೆಯಲ್ಲಿದ್ದ ಉತ್ತರವನ್ನೇ ಒತ್ತಿದರು. ನಿನ್ನೆಯದನ್ನು ನಿನ್ನೆಗೇ ಹಾಕಿದರು. ಕೊನೆಯ ಗುಂಡಿ ಒತ್ತಿದಾಗ ಪರದೆಯ ಮೇಲೆ ಹನ್ನೆರಡು ಎಂದು ಬಂತು. ತಿರುಗಿಮುರುಗಿ ನೋಡಿದರು. ಹನ್ನೆರಡೇ.

ಹೊರಗೆ ಬಂದರೆ ಮಗಳ ಕಾರು ಅಲ್ಲೇ ಇತ್ತು. ಅವಳು ಒಳಗಿನಿಂದಲೇ ಮುಂದಿನ ಬಾಗಿಲು ತಳ್ಳಿದಳು.

"ಎಷ್ಟು?"

"ಹನ್ನೆರಡು. ಕೂದಲೆಳೆಯಲ್ಲಿ ಪಾಸು."

"ಹದಿಮೂರು," ಎಂದಳು ಮಗಳು. "ಟೀಚರಮ್ಮ ಹೊಡೆದುಹಾಕಿದ್ದು ಸರಿ ಉತ್ತರ. ಅದನ್ನೂ ಸೇರಿಸ್ಕೋ."

ಮೇಷ್ಟ್ರು ಕಿಟಕಿಯ ಕಡೆ ಮುಖ ತಿರುಗಿಸಿ ಕನ್ನಡಕ ತೆಗೆದು ಒರೆಸಿಕೊಂಡರು. ಕಾರು ಹೊರಟಿತು. ಗೇಟಿನ ಹತ್ತಿರ ಒಂದು ಸ್ಕೂಟರ್ ಅಡ್ಡ ಬಂತು. ಮೇಷ್ಟ್ರ ಬಲಗಾಲು, ಪಾಪ, ಅದಕ್ಕೇನು ಗೊತ್ತು, ಮ್ಯಾಟನ್ನು ಬಲವಾಗಿ ಒತ್ತಿತು. ಮಗಳು ತನ್ನ ಬ್ರೇಕನ್ನು ತಾನೇ ಒತ್ತಿ, ಸ್ಕೂಟರಿಗೆ ದಾರಿ ಬಿಟ್ಟು, ಅಪ್ಪನ ಕಾಲನ್ನೂ ಆಮೇಲೆ ಮುಖವನ್ನೂ ನೋಡಿದಳು. ಈ ಸಲ ನಿಜವಾಗಿಯೂ ನಕ್ಕಳು.

"ಒಂದು ಕಟ್. ಮತ್ತೆ ಹನ್ನೆರಡೇ," ಎಂದಳು.